ಬಂಡಿಗೆ ಕಡಾಣಿ, ಟರ್ಬೈನಿಗೆ ನಿಯಂತ್ರಕ

ದಾಭೋಲ್‌ನಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲ ಒಯ್ಯುವ ಕೊಳವೆಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು. ಸುಮಾರು ಒಂದು ಸಾವಿರ ಕಿ.ಮೀ. ಉದ್ದದ ಈ ಮಾರ್ಗ ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳನ್ನು ಹಾದು ದಕ್ಷಿಣಕ್ಕೆ ಸಾಗುತ್ತದೆ. ಬಿತ್ತನೆಗೆ ಕೂರಿಗೆ ಹೂಡಿದ ರೈತನಿಗೆ ನೆಲದಡಿಯ ಆ ಅನಿಲದ ಗುರುತು ಸಿಗುವುದು ಹೊಲದಂಚಿನ ಎಚ್ಚರಿಕೆ ಕಂಬಗಳಿಂದ ಮಾತ್ರ. ಆದರೆ ಅದಕ್ಕೂ ಅವನಿಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ.

ಅದೇ ಅನಿಲವನ್ನು ನಂಬಿ ಕರ್ನಾಟಕ ವಿದ್ಯುತ್ ನಿಗಮವು ಯಲಹಂಕದಲ್ಲಿ 370 ಮೆಗಾವಾಟ್ ಸಾಮರ್ಥ್ಯದ ಸ್ಥಾವರವನ್ನು ಕಟ್ಟಿದೆ. ಪರೀಕ್ಷಾರ್ಥ ಚಾಲನೆಯ ಹಂತದಲ್ಲಿ, 2020ರ ಅಕ್ಟೋಬರ್‌ನಲ್ಲಿ, ಅಲ್ಲಿ ಬೆಂಕಿ ಅವಘಡ ಸಂಭವಿಸಿ ಹಲವು ಎಂಜಿನಿಯರುಗಳು ಗಾಯಗೊಂಡರು. ದೀರ್ಘ ವಿಳಂಬದ ನಂತರ 2024ರ ಸೆಪ್ಟೆಂಬರ್‌ನಲ್ಲಿ ಸ್ಥಾವರ ಉದ್ಘಾಟನೆಗೊಂಡಿತು. ಅಲ್ಲಿ ಹುಟ್ಟುವ ವಿದ್ಯುತ್ತು ಸೇರುವುದು ಇಡೀ ರಾಜ್ಯದ ಜಾಲಕ್ಕೆ. ನವಲಗುಂದದ ಪಂಪ್‌ಸೆಟ್‌ಗೆ ಬಂದ ಯೂನಿಟ್ ಎಲ್ಲಿಯದು ಎಂದು ಯಾರೂ ಹೇಳಲಾರರು. ಆದರೆ ಜಾಲದಲ್ಲಿ ಕೊರತೆ ಬಿದ್ದಾಗ ಮೊದಲ ಕತ್ತರಿ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. 2023ರ ಬರಗಾಲದಲ್ಲಿ ಪಂಪ್‌ಸೆಟ್‌ಗಳ ಏಳು ಗಂಟೆಯ ತ್ರೀಫೇಸ್ ವಿದ್ಯುತ್ತು ಐದು ಗಂಟೆಗೆ ಇಳಿದದ್ದನ್ನು ನಮ್ಮ ಹಳ್ಳಿಗಳು ಮರೆತಿಲ್ಲ.

ಹೊಸ ಯಂತ್ರ ಬಂದಿದೆಯಲ್ಲ, ಇನ್ನೇನು ಚಿಂತೆ ಎಂದು ಕೇಳಬಹುದು. ಚಿಂತೆ ಯಂತ್ರದ ಉಕ್ಕಿನದಲ್ಲ, ಅದರ ಮಿದುಳಿನದು.

ಅನಿಲ ಟರ್ಬೈನಿನ ತತ್ವ ಸರಳವಾದುದು. ಗಾಳಿಯನ್ನು ಒತ್ತಿ, ಅದರಲ್ಲಿ ಅನಿಲವನ್ನು ಉರಿಸಿ, ಆ ಬಿಸಿಯ ರಭಸದಿಂದ ಅಲಗುಗಳ ಚಕ್ರವನ್ನು ತಿರುಗಿಸುವುದು. ಕಷ್ಟವಿರುವುದು ಅದನ್ನು ಹತೋಟಿಯಲ್ಲಿಡುವುದರಲ್ಲಿ. ಇಂದಿನ ದೊಡ್ಡ ಟರ್ಬೈನುಗಳ ಒಳಗೆ ಉಷ್ಣತೆ 1,300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆ ಉರಿಯಲ್ಲಿ ಅಳತೆಯ ಸಾಧನ ಬಹುಕಾಲ ಬಾಳದು. ಆದ್ದರಿಂದ ಅನಿಲ ಹೊರಬೀಳುವ ಕಡೆ, ಸುಮಾರು 600 ಡಿಗ್ರಿ ಇರುವಲ್ಲಿ, ಸುತ್ತಲೂ ಉಷ್ಣಮಾಪಕಗಳನ್ನಿಟ್ಟು ಒಳಗಿನ ಬಿಸಿ ಎಷ್ಟೆಂಬುದನ್ನು ನಿಯಂತ್ರಕ ಗಣಕವು ಲೆಕ್ಕ ಹಾಕುತ್ತದೆ. ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ ಎಂದು ಕಂಡರೆ ಯಾವುದೋ ಉರಿಕೋಣೆಯಲ್ಲಿ ದೋಷವಿದೆ ಎಂದು ಅರಿತು ಯಂತ್ರವನ್ನು ನಿಲ್ಲಿಸುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಹೊರೆ ಒಮ್ಮೆಲೇ ಕಳಚಿದರೆ, ವೇಗ ಮಿತಿಮೀರುವ ಮುನ್ನ ಇಂಧನವನ್ನು ತಡೆಯಬೇಕಾದದ್ದೂ ಅದೇ. ಒಂದು ಗಣಕದ ಮಾತನ್ನೇ ನಂಬಬಾರದೆಂದು ಮೂರನ್ನು ಜೋಡಿಸಿ, ಎರಡರ ಬಹುಮತದಂತೆ ನಡೆಯುವ ವ್ಯವಸ್ಥೆಯೂ ಉಂಟು.

ಈ ಮಿದುಳಿಗೆ ಯಂತ್ರದಷ್ಟು ಆಯುಷ್ಯವಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯ ‘ಸ್ಪೀಡ್‌ಟ್ರಾನಿಕ್’ ನಿಯಂತ್ರಕಗಳ ವಂಶಾವಳಿಯನ್ನೇ ನೋಡಬಹುದು. 1980ರ ದಶಕದಲ್ಲಿ ಮಾರ್ಕ್ 4, 1990ರ ದಶಕದ ಆರಂಭದಲ್ಲಿ ಮಾರ್ಕ್ 5, ಅದೇ ದಶಕ ಮುಗಿಯುವಷ್ಟರಲ್ಲಿ ಮಾರ್ಕ್ 6, ಬಳಿಕ ಅದರದೇ ಸುಧಾರಿತ ರೂಪ. ಹೊಸ ಪೀಳಿಗೆ ಬಂದ ಕೆಲವು ವರ್ಷಗಳಿಗೆ ಹಳೆಯದರ ಬಿಡಿಭಾಗಗಳ ತಯಾರಿಕೆ ನಿಲ್ಲುತ್ತದೆ. ಟರ್ಬೈನು ಇನ್ನೂ ಗಟ್ಟಿಮುಟ್ಟಾಗಿರುತ್ತದೆ. ಅದಕ್ಕೆ ಆಜ್ಞೆ ಕೊಡುವ ಕಾರ್ಡು ಮಾತ್ರ ಜಗತ್ತಿನ ಹಳೆಯ ಸಾಮಾನಿನ ವ್ಯಾಪಾರಿಗಳಲ್ಲಿ ಹುಡುಕಬೇಕಾದ ವಸ್ತುವಾಗುತ್ತದೆ. ಅದನ್ನು ಬಲ್ಲ ಎಂಜಿನಿಯರುಗಳೂ ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಸೇವೆಯಲ್ಲಿದ್ದಾಗ ಒಂದು ಏತ ನೀರಾವರಿ ಯೋಜನೆಯ ಕಡತ ನನ್ನ ಮೇಜಿಗೆ ಬಂದಿತ್ತು. ನದಿಯಲ್ಲಿ ನೀರಿತ್ತು, ಪಂಪು ಸರಿಯಿತ್ತು, ಮೋಟಾರೂ ಸರಿಯಿತ್ತು. ಕೆಟ್ಟಿದ್ದು ನಿಯಂತ್ರಣ ಪೆಟ್ಟಿಗೆಯೊಳಗಿನ ಅಂಗೈಯಗಲದ ಒಂದು ಕಾರ್ಡು. ತಯಾರಕರು ಅದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಿತ್ತು. ದುರಸ್ತಿಯ ಲೆಕ್ಕಶೀರ್ಷಿಕೆಯಲ್ಲಿ ಅಷ್ಟು ಹಣವಿರಲಿಲ್ಲ. ಹೊಸ ಕಾಮಗಾರಿ ಎಂದು ತೋರಿಸಿದರೆ, ‘ಪಂಪು ಸುಸ್ಥಿತಿಯಲ್ಲಿರುವಾಗ ಹೊಸ ಕಾಮಗಾರಿ ಏಕೆ?’ ಎಂಬ ಆಕ್ಷೇಪ. ಆ ಆಕ್ಷೇಪವನ್ನು ಬರೆದವರಲ್ಲಿ ನಾನೂ ಒಬ್ಬ. ನಿಯಮದ ಪ್ರಕಾರ ನನ್ನ ಟಿಪ್ಪಣಿ ಸರಿಯಾಗಿಯೇ ಇತ್ತು. ಕಡತ ಮೇಲೆ ಕೆಳಗೆ ಓಡಾಡುತ್ತಿರುವಾಗ ಹಿಂಗಾರಿನ ಬೆಳೆ ಒಣಗಿಹೋಯಿತು. ಸ್ಥಳಪರಿಶೀಲನೆಗೆ ಹೋದಾಗ ಹಿರಿಯ ರೈತರೊಬ್ಬರು ಸಿಟ್ಟಿಲ್ಲದೆ ಕೇಳಿದರು: ‘ಸಾಹೇಬ್ರ, ಬಂಡಿ ಗಟ್ಟಿ ಐತ್ರಿ, ಎತ್ತೂ ಗಟ್ಟಿ ಅದಾವ್ರಿ. ಕಡಾಣಿ ಬಿದ್ದು ಹೋದ್ರ ಹೊಲಕ್ಕ ಹೋಗೂದು ಹ್ಯಾಂಗ್ರಿ?’ ಗಾಲಿ ಅಚ್ಚಿನಿಂದ ಜಾರದಂತೆ ಹಿಡಿಯುವ ಆ ಚಿಕ್ಕ ಮೊಳೆಯ ಹೆಸರು ನಮ್ಮ ಯಾವ ಲೆಕ್ಕಶೀರ್ಷಿಕೆಯಲ್ಲೂ ಇರಲಿಲ್ಲ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ದೋಷ ಎಲ್ಲಿದೆ ಎಂಬುದು ಸ್ಪಷ್ಟ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ಅನಿಲ ಸ್ಥಾವರದ ಉಪಯುಕ್ತ ಆಯುಷ್ಯವನ್ನು 25 ವರ್ಷ ಎಂದು ಎಣಿಸುತ್ತದೆ. ಅದರ ಸವಕಳಿ ಪಟ್ಟಿಯಲ್ಲಿ ಸ್ಥಾವರದ ಯಂತ್ರಗಳಿಗೆ ವರ್ಷಕ್ಕೆ ಶೇ 5.28, ಮಾಹಿತಿ ತಂತ್ರಜ್ಞಾನದ ಉಪಕರಣಗಳಿಗೆ ಶೇ 15. ಗಣಕವು ಉಕ್ಕಿಗಿಂತ ಬೇಗ ಸವೆಯುತ್ತದೆ ಎಂಬುದನ್ನು ನಮ್ಮ ಲೆಕ್ಕಪುಸ್ತಕ ಬಲ್ಲದು. ಆದರೆ ನಮ್ಮ ಆಯವ್ಯಯಕ್ಕೆ ಗೊತ್ತಿರುವುದು ಎರಡೇ: ಕಟ್ಟುವುದು ಮತ್ತು ಕೆಟ್ಟಾಗ ರಿಪೇರಿ ಮಾಡುವುದು. ಇವೆರಡರ ನಡುವೆ ಬರುವ ನವೀಕರಣಕ್ಕೆ ಹೆಸರಿಲ್ಲ, ಹಣವಿಲ್ಲ, ಉದ್ಘಾಟನೆಯ ಫಲಕವೂ ಇಲ್ಲ.

ಅನಿಲದ ಬೆಲೆ ದುಬಾರಿ, ಅಪರೂಪಕ್ಕೆ ಓಡುವ ಸ್ಥಾವರಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂಬ ವಾದವಿದೆ. ದುಬಾರಿ ಎಂಬುದು ನಿಜ. ಆದರೆ 2019ರಲ್ಲಿ ಪೂರ್ಣಗೊಂಡ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನವೂ ಸಂಜೆ ಹೊತ್ತು ಮುಳುಗುತ್ತಲೇ ಸುಮ್ಮನಾಗುತ್ತದೆ. ಗದುಗಿನ ಗುಡ್ಡಗಳ ಗಾಳಿಯಂತ್ರಗಳು ಗಾಳಿ ಬಂದಾಗ ತಿರುಗುತ್ತವೆ. ಆ ಹೊತ್ತಿನ ಕೊರತೆ ತುಂಬಲು ಬೇಗ ಹೊತ್ತಿಕೊಳ್ಳುವ ಯಂತ್ರ ಬೇಕು. ಮೇಲಿಂದ ಮೇಲೆ ಹೊತ್ತಿ ಆರುವ ಟರ್ಬೈನಿಗೆ ಒಂದೇ ಸಮನೆ ಓಡುವುದಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತದೆ. ಅದನ್ನು ಕಾಯುವ ನಿಯಂತ್ರಕ ಇನ್ನಷ್ಟು ಚುರುಕಾಗಿರಬೇಕಾಗುತ್ತದೆ. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಗೆ ಬಂದ 220 ಮೆಗಾವಾಟಿನ ಖಾಸಗಿ ತೇಲು ಸ್ಥಾವರ, ಖರೀದಿ ಒಪ್ಪಂದ ಮುಗಿದ ಮೇಲೆ ಕಾಕಿನಾಡಕ್ಕೆ ಹೊರಟುಹೋಯಿತು. ಯಲಹಂಕದ್ದು ಸಾರ್ವಜನಿಕ ಆಸ್ತಿ. ಅದು ನಮ್ಮೊಡನೆಯೇ ಮುಪ್ಪಾಗಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು, ನಿಯಂತ್ರಕದ ಬದಲಾವಣೆ ಆಕಸ್ಮಿಕವಲ್ಲ, ಖಚಿತ ಎಂದು ತಿಳಿದು ಇಂದಿನಿಂದಲೇ ಅದಕ್ಕೊಂದು ಪ್ರತ್ಯೇಕ ನವೀಕರಣ ನಿಧಿ ಇಡುವುದು. ಯೋಜಿತ ನಿಲುಗಡೆಯ ವೇಳೆಯಲ್ಲಿ, ಹೊರಗಿನ ತಂತಿ ಮತ್ತು ಮಾಪಕಗಳನ್ನು ಉಳಿಸಿಕೊಂಡು ಒಳಗಿನ ಗಣಕವನ್ನಷ್ಟೇ ಬದಲಿಸುವ ದಾರಿಯೂ ಇದೆ; ಕೆಟ್ಟು ನಿಂತ ಮೇಲೆ ಆ ಆಯ್ಕೆ ಕೈತಪ್ಪುತ್ತದೆ. ಎರಡನೆಯದು, ಖರೀದಿ ಒಪ್ಪಂದದಲ್ಲಿಯೇ ನಿಯಂತ್ರಣ ತರ್ಕದ ನಕ್ಷೆಗಳು, ತಂತ್ರಾಂಶದ ಪ್ರತಿ, ಬಿಡಿಭಾಗಗಳ ಪೂರೈಕೆಯ ಅವಧಿ ಇವುಗಳ ಮೇಲೆ ಖರೀದಿದಾರನ ಹಕ್ಕನ್ನು ಬರೆಸಿಕೊಳ್ಳುವುದು. ಇಲ್ಲವಾದರೆ ಯಂತ್ರ ನಮ್ಮದು, ಕೀಲಿಕೈ ಪರರದು ಎಂಬಂತಾದೀತು.

ಕೀಲಿಕೈಯ ಮಾತು ಈಗ ಭದ್ರತೆಯ ಮಾತೂ ಹೌದು. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೊರಾಸಾಯನಿಕ ಸ್ಥಾವರವೊಂದರಲ್ಲಿ ದುರುದ್ದೇಶದ ತಂತ್ರಾಂಶವು ಸುರಕ್ಷತಾ ನಿಯಂತ್ರಕಗಳೊಳಗೇ ನುಸುಳಿತ್ತು. 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತಾತ್ಮಕ ಜಾಲದ ಗಣಕವೊಂದಕ್ಕೂ ಅಂಥ ಸೋಂಕು ತಗುಲಿತ್ತು. ನಿಯಂತ್ರಣ ವ್ಯವಸ್ಥೆ ಪ್ರತ್ಯೇಕವಾಗಿದ್ದುದರಿಂದ ಅದಕ್ಕೆ ಬಾಧೆಯಾಗಲಿಲ್ಲ. ನವೀಕರಣವೆಂದರೆ ಎಲ್ಲವನ್ನೂ ಅಂತರ್ಜಾಲಕ್ಕೆ ಜೋಡಿಸುವುದಲ್ಲ. ಯಾವುದನ್ನು ಜೋಡಿಸಬಾರದು ಎಂಬ ವಿವೇಕವೂ ಅದರಲ್ಲಿ ಸೇರಿದೆ.

ಮೂರನೆಯದು ಜನ. ಹುಬ್ಬಳ್ಳಿಯಲ್ಲಿ 1947ರಿಂದ ಎಂಜಿನಿಯರಿಂಗ್ ಶಿಕ್ಷಣವಿದೆ. ಧಾರವಾಡಕ್ಕೆ 2016ರಲ್ಲಿ ಐಐಟಿ ಬಂದಿದೆ. ಕಲಘಟಗಿ, ಅಣ್ಣಿಗೇರಿಯಿಂದ ಬಸ್ಸು ಹತ್ತಿ ಬಂದು ಕಲಿಯುವ ಹುಡುಗ ಹುಡುಗಿಯರಿಗೆ ಈ ವಿದ್ಯೆ ಎಟುಕದ್ದೇನಲ್ಲ. ನಿವೃತ್ತರಾಗುವವರ ಪಕ್ಕದಲ್ಲಿ ಅವರನ್ನು ಎರಡು ವರ್ಷ ಕೂರಿಸುವ ಏರ್ಪಾಡು ಮಾಡಿದರೆ ಅನುಭವವು ಪಿಂಚಣಿಯ ಕಾಗದಗಳೊಡನೆ ಮನೆಗೆ ಹೋಗುವುದು ತಪ್ಪುತ್ತದೆ.

ಯಲಹಂಕದ ಸ್ಥಾವರ ಇನ್ನೂ ಹೊಸದು. ಹೊಸದಾಗಿರುವಾಗಲೇ ಈ ಮಾತು ಆಡಬೇಕು. ಹಳತಾದ ಮೇಲೆ ಆಡುವುದಕ್ಕೆ ಕಡತಗಳಿದ್ದೇ ಇವೆ. ಮುಂದೊಂದು ದಿನ ಅಂಥ ಕಡತ ಯಾರದೋ ಮೇಜಿಗೆ ಬಂದಾಗ, ನಾನು ಬರೆದಂಥ ಟಿಪ್ಪಣಿ ಬರೆಯುವ ಅನಿವಾರ್ಯತೆ ಆ ಅಧಿಕಾರಿಗೆ ಬಾರದಿರಲಿ.