ಪಿನ್ನೊಂದು, ಕಾರ್ಯ ಹಲವು

ಒಂದೇ ಶಬ್ದವು ವಿಭಕ್ತಿಭೇದದಿಂದ ಕರ್ತೃವೂ ಕರ್ಮವೂ ಆಗುವುದೆಂಬುದು ವ್ಯಾಕರಣವನ್ನೋದಿದವರಿಗೆಲ್ಲ ವಿದಿತವೇ. 2012ರಲ್ಲಿ ಬ್ರಿಟನ್ನಿನಿಂದ ಹೊರಬಂದ ‘ರಾಸ್ಪ್‌ಬೆರಿ ಪೈ’ ಎಂಬ ಏಕಫಲಕ ಗಣಕಯಂತ್ರದ ಪಿನ್ನುಗಳೂ ಅಂತೆಯೇ. ಅದರ ಮೊದಲ ಮಾದರಿಯ ಚಿಪ್ಪಿನಲ್ಲಿ ಪ್ರತಿಯೊಂದು ಪಿನ್ನಿನ ಕಾರ್ಯವನ್ನು ವಿಧಿಸಲು ಸೊನ್ನೆ-ಒಂದುಗಳ ಮೂರು ಸ್ಥಾನಗಳಿವೆ. ಪ್ರೋಗ್ರಾಮು ಅಲ್ಲಿ 000 ಎಂದು ಬರೆದರೆ ಪಿನ್ನು ಹೊರಗಿನ ಸಂಕೇತವನ್ನು ಸ್ವೀಕರಿಸುವುದು; 001 ಎಂದು ಬರೆದರೆ ತಾನೇ ಸಂಕೇತವನ್ನು ಹೊರಡಿಸುವುದು. ಉಳಿದ ಆರು ಸಂಖ್ಯೆಗಳು ಇತರ ಯಂತ್ರಗಳೊಡನೆ ಸಂವಹನವೇ ಮೊದಲಾದ ವಿಶೇಷ ಕಾರ್ಯಗಳಿಗೆ ಮೀಸಲು.

ಮುಂಡರಗಿಯ ಹೊಲವೊಂದರಲ್ಲಿ ಇದನ್ನು ನೀರಾವರಿಗೆ ಬಳಸುವುದಾದರೆ, ಮಣ್ಣಿನ ತೇವವನ್ನು ತಿಳಿಸುವ ಸಾಧನದ ಪಿನ್ನಿಗೆ 000, ಪಂಪನ್ನು ನಡೆಸುವ ರಿಲೇಯ ಪಿನ್ನಿಗೆ 001 ವಿಧಿಸಬೇಕು. ಪ್ರಮಾದದಿಂದ ತೇವಸಾಧನದ ಪಿನ್ನಿಗೂ 001 ಬರೆದರೆ, ಎರಡು ಕಡೆಯ ವಿದ್ಯುತ್ತು ಪರಸ್ಪರ ಎದುರಾಗಿ ಪಿನ್ನು ಸುಟ್ಟುಹೋಗಬಹುದು. ಅದು ತಾಳುವುದು ಸುಮಾರು 3.3 ವೋಲ್ಟು ಮಾತ್ರ. ಆದುದರಿಂದ ತಂತಿಯನ್ನು ಜೋಡಿಸುವ ಮುನ್ನವೇ ಪ್ರೋಗ್ರಾಮನ್ನು ಪರಿಶೀಲಿಸಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸುವುದು ಅವಶ್ಯ. ವಿಭಕ್ತಿ ತಪ್ಪಿದರೆ ವಾಕ್ಯ ಕೆಡುವುದು. ಇಲ್ಲಿ ಯಂತ್ರವೇ ಕೆಡುವುದು.