ಒಂದಕ್ಷರದ ತಪ್ಪು, ಒಂದು ಪುಟ್ಟ ಕತ್ತರಿ

ಒಂದಕ್ಷರ ತಪ್ಪಿದರೆ ಕನ್ನಡ ಮೇಷ್ಟರು ಅರ್ಧ ಅಂಕ ಕಳೆದು ಸುಮ್ಮನಾಗುತ್ತಾರೆ. ದೇಹ ಅಷ್ಟು ಉದಾರಿಯಲ್ಲ. ಹಿಮೋಗ್ಲೋಬಿನ್ ತಯಾರಿಕೆಗೆ ಬೇಕಾದ ವಂಶವಾಹಿಯೊಂದು ನಮ್ಮ 11ನೆಯ ವರ್ಣತಂತುವಿನಲ್ಲಿದೆ. ಅಲ್ಲಿ ‘ಜಿಎಜಿ’ ಎಂದಿರಬೇಕಾದ ಕಡೆ ‘ಜಿಟಿಜಿ’ ಎಂದಾದರೆ, ಪ್ರೋಟೀನು ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂದು ಕೂರುತ್ತದೆ. ಅಷ್ಟೇ ವ್ಯತ್ಯಾಸ. ಆದರೆ ತಂದೆ-ತಾಯಿ ಇಬ್ಬರಿಂದಲೂ ಈ ತಪ್ಪು ಪ್ರತಿ ಪಡೆದ ಮಗುವಿನ ಕೆಂಪು ರಕ್ತಕಣಗಳು ಆಮ್ಲಜನಕ ಕಡಿಮೆಯಾದೊಡನೆ ಕುಡುಗೋಲಿನಂತೆ ಬಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾರದ ನೋವು ಕೊಡುತ್ತವೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಸಾಯುತ್ತದೆ. ಇದೇ ಸಿಕಲ್ ಸೆಲ್ ರೋಗ.

ಜೀವಂತ ಕೋಶದೊಳಗೆ ಕೈಹಾಕಿ ವಂಶವಾಹಿಯನ್ನು ತಿದ್ದುವ ವಿದ್ಯೆಗೆ ಜೀನೋಮ್ ಎಡಿಟಿಂಗ್ ಎಂದು ಹೆಸರು. ಅದರ ಪ್ರಸಿದ್ಧ ಉಪಕರಣ ಕ್ರಿಸ್ಪರ್. ಇದು ಮನುಷ್ಯನ ಜಾಣತನದಿಂದ ಹುಟ್ಟಿದ್ದಲ್ಲ, ಬ್ಯಾಕ್ಟೀರಿಯಾಗಳ ಆತ್ಮರಕ್ಷಣೆಯ ತಂತ್ರ. ದಾಳಿ ಮಾಡಿದ ವೈರಸ್ಸಿನ ಡಿಎನ್‌ಎ ತುಣುಕೊಂದನ್ನು ಅವು ಗುರುತಿಗೆ ಇಟ್ಟುಕೊಳ್ಳುತ್ತವೆ. ಮತ್ತೆ ಅದೇ ವೈರಸ್ ಬಂದರೆ ಕತ್ತರಿಸಿ ಹಾಕುತ್ತವೆ. 2007ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದು ಯೋಗರ್ಟ್, ಚೀಸ್ ತಯಾರಿಕೆಗೆ ಬಳಸುವ ಬ್ಯಾಕ್ಟೀರಿಯಾ! 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಾಂಟಿಯೆ ಅದನ್ನೇ ಬೇಕಾದ ಜಾಗದಲ್ಲಿ ಕತ್ತರಿಸುವ ಸಾಧನವಾಗಿ ಬದಲಿಸಿದರು. 2020ರ ರಸಾಯನ ವಿಜ್ಞಾನದ ನೊಬೆಲ್ ಇಬ್ಬರಿಗೂ ಸಂದಿತು.

ಕತ್ತರಿ ಎಂದರೆ ಕ್ಯಾಸ್-9 ಎಂಬ ಕಿಣ್ವ. ದಾರಿ ತೋರಿಸುವುದು 20 ಅಕ್ಷರಗಳ ಆರ್‌ಎನ್‌ಎ ವಿಳಾಸ. ನಾಲ್ಕೇ ಅಕ್ಷರಗಳಿಂದ ಇಂಥ ಎಷ್ಟು ವಿಳಾಸ ಬರೆಯಬಹುದು? ನಾಲ್ಕರ ಇಪ್ಪತ್ತನೆಯ ಘಾತ, ಅಂದರೆ ಸುಮಾರು 1.1 ಲಕ್ಷ ಕೋಟಿ. ನಮ್ಮ ಜೀನೋಮಿನಲ್ಲಿರುವುದು ಸುಮಾರು 300 ಕೋಟಿ ಅಕ್ಷರಗಳು. ಹಾಗಾಗಿ ವಿಳಾಸ ತಪ್ಪುವ ಸಂಭವ ಕಡಿಮೆ. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂದೆರಡು ಅಕ್ಷರ ಹೊಂದದಿದ್ದರೂ ಕತ್ತರಿ ಕೆಲವೊಮ್ಮೆ ಆಡಿಬಿಡುತ್ತದೆ.

ಸಿಕಲ್ ಸೆಲ್ ಚಿಕಿತ್ಸೆಯಲ್ಲಿ ಒಂದು ಸೊಗಸಾದ ಉಪಾಯವಿದೆ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ‘ಕ್ಯಾಸ್ಗೆವಿ’ ಆ ಒಂದಕ್ಷರವನ್ನು ಮುಟ್ಟುವುದೇ ಇಲ್ಲ! ಗರ್ಭದಲ್ಲಿರುವಾಗ ಶಿಶುವಿಗೆ ಬೇರೆಯೇ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ತಯಾರಿಕೆ ಬಹುಮಟ್ಟಿಗೆ ನಿಂತುಹೋಗುತ್ತದೆ. ನಿಲ್ಲಿಸುವ ಗುಂಡಿಯನ್ನೇ ವೈದ್ಯರು ಕತ್ತರಿಸುತ್ತಾರೆ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ಸೇರಿಸಿದರೆ ಹಳೆಯ ಕಾರ್ಖಾನೆ ಮತ್ತೆ ತೆರೆಯುತ್ತದೆ. ಪರೀಕ್ಷೆಯಲ್ಲಿ ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವು ಮರುಕಳಿಸಲಿಲ್ಲ. ಆದರೆ ಮೊದಲು ಪ್ರಬಲ ಔಷಧಿಯಿಂದ ಹಳೆಯ ಅಸ್ಥಿಮಜ್ಜೆಯನ್ನು ನಾಶಪಡಿಸಬೇಕು. ಅದರಿಂದ ಸಂತಾನಶಕ್ತಿ ಕುಂದಬಹುದು. ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್.

ತಿದ್ದಿದ್ದು ರಕ್ತದ ಕೋಶಗಳನ್ನು ಮಾತ್ರ. ಗುಣವಾದವರೂ ಮಕ್ಕಳಿಗೆ ದಾಟಿಸುವುದು ಹಳೆಯ ಅಕ್ಷರವನ್ನೇ. ಭ್ರೂಣವನ್ನೇ ತಿದ್ದಿದರೆ ಬದಲಾವಣೆ ಪೀಳಿಗೆಗಳಿಗೆ ಹರಿಯುತ್ತದೆ. 2018ರಲ್ಲಿ ಬೇರೊಂದು ವಂಶವಾಹಿಯನ್ನು ಹಾಗೆ ತಿದ್ದಿದ ಚೀನಾದ ಹೆ ಜಿಯಾನ್‌ಕುಯಿ ಮೂರು ವರ್ಷದ ಜೈಲುಶಿಕ್ಷೆಗೆ ಗುರಿಯಾದದ್ದು ಸರಿಯೇ. ಒಪ್ಪಿಗೆ ಕೊಡಲು ಹುಟ್ಟದ ಮಗುವಿಗೆ ಬಾಯಿಲ್ಲ.

ಈ ರೋಗ ದೂರದ್ದೇನಲ್ಲ. ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಗುಣವನ್ನು ಗುರುತಿಸಿದ್ದು 1952ರಲ್ಲಿ. ಮೈಸೂರು, ಚಾಮರಾಜನಗರದ ಕಾಡಂಚಿನ ಹಾಡಿಗಳಲ್ಲೂ ಅದು ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಅಭಿಯಾನದಲ್ಲಿ ನಡೆಯುವುದು ಸಾಧಾರಣ ರಕ್ತಪರೀಕ್ಷೆ. ಗಂಡ-ಹೆಂಡತಿ ಇಬ್ಬರೂ ತಪ್ಪು ಪ್ರತಿಯ ವಾಹಕರಾದರೆ ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಹೈಸ್ಕೂಲಿನಲ್ಲಿ ಕಲಿತ ಮೆಂಡೆಲನ ಬಟಾಣಿ ಲೆಕ್ಕವೇ ಇದು.