ಸಸಿ ನೆಟ್ಟರಾಯ್ತೆ? ಬೆಂಕಿಗೆ ಕಾವಲು ಯಾರು?

ಡೋಣಿ: ಈ ಊರ ಬೆನ್ನಿಗಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಧಾಮವಾಯಿತು. ಗಣಿಗಾರಿಕೆ ಬೇಡವೆಂದು ಗದಗಿನ ಲಿಂಗೈಕ್ಯ ತೋಂಟದ ಸಿದ್ಧಲಿಂಗ ಶ್ರೀಗಳು, ನಂದಿವೇರಿ ಮಠದ ಸ್ವಾಮಿಗಳು ಮಂದಿಯೊಡನೆ ಬೀದಿಗಿಳಿದದ್ದು ಓದುಗರಿಗೆ ಗೊತ್ತೇ ಇದೆ. ಆದರೆ ಗುಡ್ಡಕ್ಕೆ ಗಣಿಯೊಂದೇ ವೈರಿಯಲ್ಲ. ಬ್ಯಾಸಗಿಯ ಒಣಹುಲ್ಲಿಗೆ ಬಸ್ಸಿನಿಂದ ಒಗೆದ ಬೀಡಿಯ ಕಿಡಿಯೂ ಸಾಕು! ಸುಟ್ಟು ಬೋಳಾದ ಇಳಿಜಾರಿನ ಕೆಂಪು ಮಣ್ಣು ದೊಡ್ಡ ಮಳೆಗೆ ಹಳ್ಳ ಸೇರುತ್ತದೆ.

ಅದನ್ನು ಹಿಡಿಯಲು ಬೇವು, ಹೊಂಗೆಯಂಥ ನಮ್ಮ ನೆಲದ ಗಿಡಗಳೇ ಬೇಕು. ಬೇವಿನ ಬೀಜವಂತೂ ಬಲು ಅವಸರದ್ದು. ಮಳೆಗಾಲದ ಮೊದಲಿಗೆ ಉದುರಿದ ಹಣ್ಣು ಆಯ್ದು, ತಿರುಳು ತೊಳೆದು, ನೆರಳಲ್ಲಿ ಆರಿಸಿ, ಎರಡು-ಮೂರು ವಾರದೊಳಗೆ ಊರಬೇಕು. ಚೀಲ ಕಟ್ಟಿ ಅಟ್ಟಕ್ಕೇರಿಸಿದರೆ ಮೊಳಕೆ ಬರೂದಿಲ್ಲ. ನೆಡುವಾಗ ಕುಣಿಯ ಕೆಳಬದಿಗೆ ಒಡ್ಡು ಹಾಕಿದರೆ ನೀರು, ಮಣ್ಣು ಎರಡೂ ನಿಲ್ಲುತ್ತವೆ.

ಇಷ್ಟು ಜ್ವಾಕಿ ಮಾಡಿದ ಸಸಿಯೂ ಬೆಂಕಿಗೆ ಸಿಕ್ಕರೆ ಒಂದೇ ದಿನಕ್ಕೆ ಬೂದಿ. ಸುತ್ತಲಿನ ಹುಲ್ಲನ್ನು ಬ್ಯಾಸಗಿಗೆ ಮೊದಲೇ ಕೊಯ್ದು ಬೆಂಕಿರೇಖೆ ಬಿಡಿಸಬೇಕು. ಆ ಕೂಲಿಗೂ ದುಡ್ಡು ತೆಗೆದಿಡಬೇಕು.